ತಡವಾಗಿ ಬಂದ ‘ಹೂಂ’

‘ಊಟ ಆಯ್ತಾ?’ ಅಂತ ಯಾರಾದರೂ ಕೇಳಿದರೆ ‘ಆಯ್ತು’ ಅನ್ನೋದಕ್ಕೆ ನಿಮಗೆ ಎಷ್ಟು ಹೊತ್ತು ಬೇಕು?

ಇದೇನು ಪ್ರಶ್ನೆ ಅಂತ ನಗಬೇಡಿ. ಇದನ್ನೇ ಅಳೆಯಲು ಕೂತ ವಿಜ್ಞಾನಿಗಳಿದ್ದಾರೆ. ನೆದರ್‌ಲೆಂಡ್ಸ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ತಾನ್ಯಾ ಸ್ಟೈವರ್ಸ್ ಮತ್ತು ಅವರ ಜೊತೆಗಾರರು ಹತ್ತು ಭಾಷೆಗಳ ಜನ ತಮ್ಮ ಪಾಡಿಗೆ ತಾವು ಹರಟುವುದನ್ನು ವಿಡಿಯೊ ಮಾಡಿಕೊಂಡು ನೋಡಿದರು. ‘ಹೌದು’ ಅಥವಾ ‘ಇಲ್ಲ’ ಎಂದರೆ ಸಾಕಾಗುವಂಥ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡರು. ಪ್ರಶ್ನೆ ಮುಗಿದಲ್ಲಿಂದ ಉತ್ತರ ಶುರುವಾಗುವವರೆಗಿನ ಬಿಡುವನ್ನು ಲೆಕ್ಕ ಹಾಕಿ 2009ರಲ್ಲಿ ಪ್ರಕಟಿಸಿದರು. ಸರಾಸರಿ ಬಿಡುವು ಸುಮಾರು 0.2 ಸೆಕೆಂಡ್! ಜಪಾನಿನವರು ಎಲ್ಲರಿಗಿಂತ ಚುರುಕು, ಪ್ರಶ್ನೆಯ ಬಾಲ ಹಿಡಿದೇ ಅವರ ಉತ್ತರ ಬರುತ್ತದೆ. ಡೆನ್ಮಾರ್ಕಿನವರು ನಿಧಾನಸ್ಥರು. ಅವರ ಬಿಡುವೂ ಅರ್ಧ ಸೆಕೆಂಡು ದಾಟಲಿಲ್ಲ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ನಿಮ್ಮಲ್ಲಿ ಯಾರಾದರೂ ದೊಡ್ಡವರಾದ ಮೇಲೆ ಆ ಕೆಲಸ ಮಾಡಬಹುದು.

ಇಲ್ಲೊಂದು ಒಗಟಿದೆ. ಹಸುವಿನ ಚಿತ್ರ ತೋರಿಸಿ ‘ಇದೇನು?’ ಅಂದರೆ, ನೋಡಿ, ಗುರುತಿಸಿ, ಹೆಸರು ನೆನೆದು, ಬಾಯಿ ತೆರೆಯುವಷ್ಟರಲ್ಲಿ ಸುಮಾರು 0.6 ಸೆಕೆಂಡ್ ಕಳೆದಿರುತ್ತದೆ. ಒಂದೇ ಒಂದು ಪದಕ್ಕೆ ಇಷ್ಟು ಹೊತ್ತು ಬೇಕಾದರೆ, 0.2 ಸೆಕೆಂಡಿನಲ್ಲಿ ಉತ್ತರ ಕೊಡುವುದು ಹೇಗೆ?

ನಾವು ಕಾಯುವುದೇ ಇಲ್ಲ, ಅದೇ ಗುಟ್ಟು. ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ ಅವರು ಏನು ಹೇಳಲಿದ್ದಾರೆ ಎಂದು ಮಿದುಳು ಊಹಿಸಿ, ಉತ್ತರವನ್ನು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಇಟ್ಟುಕೊಂಡಿರುತ್ತದೆ. ಅವರ ದನಿ ಏರುವುದೋ ಇಳಿಯುವುದೋ, ಕೊನೆಯ ಅಕ್ಷರ ಕೊಂಚ ಎಳೆಯುವುದೋ, ಕಣ್ಣು ನಮ್ಮತ್ತ ತಿರುಗುವುದೋ ಕಂಡ ಕೂಡಲೇ ನಮ್ಮ ಸರದಿ ಬಂತೆಂದು ಗೊತ್ತಾಗುತ್ತದೆ. ಇದನ್ನು ಯಾವ ಶಾಲೆಯಲ್ಲೂ ಕಲಿಸಿಲ್ಲ. ಎರಡು–ಮೂರು ತಿಂಗಳ ಕೂಸು ಕೂಡ ಅಮ್ಮ ಮಾತಾಡಿಸಿದಾಗ ‘ಊಂ’ ಅಂದು ಸುಮ್ಮನಾಗಿ, ಅಮ್ಮನ ಸರದಿಗೆ ಜಾಗ ಬಿಡುತ್ತದೆ. ಪದ ಬರುವ ಮೊದಲೇ ಸರದಿ ಬಂದಿರುತ್ತದೆ.

ಕೇಳುವವರಿಗೂ ಇದರಲ್ಲಿ ಕೆಲಸವಿದೆ. ಅಜ್ಜಿ ಕತೆ ಹೇಳುವಾಗ ನೀವು ಹೂಂಗುಟ್ಟುತ್ತೀರಲ್ಲ, ಅದೇ ಆ ಕೆಲಸ. ಎರಡು ವಾಕ್ಯಕ್ಕೊಮ್ಮೆ ‘ಹೂಂ’ ಬೀಳಬೇಕು. ಬೀಳದಿದ್ದರೆ ಅಜ್ಜಿ ಕತೆ ನಿಲ್ಲಿಸಿ ‘ನಿದ್ದೆ ಬಂತೇನೋ?’ ಅನ್ನುತ್ತಾಳೆ. ‘ಹೂಂ’ನಲ್ಲಿ ಹೊಸ ಸುದ್ದಿ ಏನೂ ಇಲ್ಲ. ಆದರೂ ಅದಿಲ್ಲದೆ ಕತೆ ಮುಂದಕ್ಕೆ ಹೋಗದು.

ಈಗ ಅಜ್ಜಿ ಶಿವಮೊಗ್ಗದಲ್ಲಿದ್ದಾಳೆ, ಮೊಮ್ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ ಅಂದುಕೊಳ್ಳಿ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಭಾನುವಾರ ನಡೆಯುವ ಮಾತುಕತೆ ಇದು.

‘ಪುಟ್ಟಾ, ಈ ಸಲ ರಜೆಗೆ ಬರ್ತೀಯಾ?’

ಸದ್ದಿಲ್ಲ.

‘ಕೇಳಿಸ್ತೇನೋ—’

‘ಬರ್ತೀನಜ್ಜಿ—’

‘ಹಾಂ? ಹೇಳು.’

‘ನೀನೇ ಹೇಳಜ್ಜಿ.’

ಮತ್ತೆ ಇಬ್ಬರೂ ಸುಮ್ಮನೆ. ಮತ್ತೆ ಇಬ್ಬರದೂ ಒಟ್ಟಿಗೆ ಮಾತು!

ತಪ್ಪು ಯಾರದು? ಪುಟ್ಟ ತನ್ನ 0.2 ಸೆಕೆಂಡಿನಲ್ಲೇ ಉತ್ತರ ಕೊಟ್ಟಿದ್ದಾನೆ. ಅದು ಅಜ್ಜಿಯನ್ನು ತಲುಪುವುದು ತಡವಾಗಿದೆ, ಅಷ್ಟೆ.

ಖಂಡದಿಂದ ಖಂಡಕ್ಕೆ ಹೋಗುವ ಮಾತು ಉಪಗ್ರಹದ ಮೂಲಕ ಹೋಗುತ್ತದೆ ಎಂದು ತುಂಬ ಜನ ನಂಬಿದ್ದಾರೆ. ನಿಜವಾಗಿ ಹೆಚ್ಚಿನದೆಲ್ಲ ಹೋಗುವುದು ಸಮುದ್ರದ ತಳದಲ್ಲಿ ಹಾಸಿರುವ ಕೇಬಲ್‌ಗಳಲ್ಲಿ. ನಮ್ಮ ದೇಶಕ್ಕೆ ಅವು ಮುಂಬೈ, ಚೆನ್ನೈ, ಕೊಚ್ಚಿಯಂಥ ಕಡಲೂರುಗಳಲ್ಲಿ ದಡ ಹತ್ತುತ್ತವೆ. ಕೇಬಲಿನ ಒಳಗೆ ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳಿವೆ. ಪುಟ್ಟನ ದನಿ ಆ ಗಾಜಿನಲ್ಲಿ ಬೆಳಕಾಗಿ ಓಡುತ್ತದೆ. ಬಯಲಿನಲ್ಲಿ ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡಿದರೆ, ಗಾಜಿನಲ್ಲಿ ಸುಮಾರು 2 ಲಕ್ಷ ಮಾತ್ರ. ಸುತ್ತುಬಳಸಿನ ದಾರಿ 20,000 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಹೋಗಲು 0.1 ಸೆಕೆಂಡ್, ಹಿಂದಿರುಗಲು ಇನ್ನೊಂದು 0.1. ಅಂದರೆ ಇಡೀ ಭೂಮಿಯ ಮನುಷ್ಯರು ರೂಢಿಸಿಕೊಂಡ ಬಿಡುವು ಎಷ್ಟೋ ಅಷ್ಟನ್ನು ಗಾಜೊಂದೇ ನುಂಗಿತು! ಎಂಥ ಎಂಜಿನಿಯರ್ ಬಂದರೂ ಗಾಜಿನೊಳಗಿನ ಬೆಳಕನ್ನು ಅದಕ್ಕಿಂತ ಬೇಗ ಓಡಿಸಲಾರ.

ಇಷ್ಟಕ್ಕೇ ಮುಗಿಯಲಿಲ್ಲ. ಫೋನು ದನಿಯನ್ನೂ ಚಿತ್ರವನ್ನೂ ಚೂರುಚೂರು ಮಾಡಿ ಕಳಿಸುತ್ತದೆ. ಜಾತ್ರೆಗೆ ಒಟ್ಟಿಗೆ ಹೊರಟ ಗಾಡಿಗಳ ಹಾಗೆ ಕೆಲವು ಚೂರು ಬೇಗ ಬರುತ್ತವೆ, ಕೆಲವು ದಾರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಬಂದದ್ದನ್ನು ಬಂದ ಹಾಗೇ ಕೇಳಿಸಿದರೆ ದನಿ ತುಂಡುತುಂಡಾಗುತ್ತದೆ. ಹಾಗಾಗಿ ಅಜ್ಜಿಯ ಫೋನು ಹಿಂದೆ ಉಳಿದ ಚೂರುಗಳಿಗಾಗಿ ಕೊಂಚ ಕಾದು, ಸಾಲಾಗಿ ಜೋಡಿಸಿ, ಆಮೇಲೆ ಕೇಳಿಸುತ್ತದೆ. ಎಲ್ಲ ಸೇರಿ ಅರ್ಧ ಸೆಕೆಂಡು ಸುಲಭವಾಗಿ ಕಳೆಯಬಹುದು. ಸ್ಪೀಕರ್ ಹಾಕಿ ಮಾತಾಡುವಾಗ ಇನ್ನೊಂದು ತಾಪತ್ರಯ. ದನಿ ಮರುಕಳಿಸದಿರಲೆಂದು ಫೋನು ಮೈಕನ್ನು ಆಗಾಗ ಅದುಮುತ್ತದೆ. ಆ ಗಳಿಗೆಯಲ್ಲಿ ಪುಟ್ಟ ಹೇಳಿದ ‘ಹೂಂ’ ಅಜ್ಜಿಗೆ ತಲುಪುವುದೇ ಇಲ್ಲ. ತಲುಪಿದರೂ ಕತೆಯ ತಪ್ಪು ಜಾಗದಲ್ಲಿ ಬಂದು ಬೀಳುತ್ತದೆ.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಇದಕ್ಕೊಂದು ಅಳತೆ ಕೊಟ್ಟಿದೆ. ದನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ 0.15 ಸೆಕೆಂಡಿನೊಳಗೆ ಮುಟ್ಟಿದರೆ ಮಾತುಕತೆಗೆ ತೊಂದರೆ ಆಗುವುದಿಲ್ಲ. 0.4 ದಾಟಬಾರದು.

ನನಗೆ ಇದರಲ್ಲಿ ತುಂಬ ಕುತೂಹಲ ಹುಟ್ಟಿಸಿದ್ದು ಬೇರೊಂದು ಸಂಗತಿ. ಜರ್ಮನಿಯ ಸಂಶೋಧಕರು ಫೋನಿನಲ್ಲಿ ಮಾತಾಡುವವರ ನಡುವೆ ಬೇಕಂತಲೇ ತಡವನ್ನು ತುರುಕಿ ನೋಡಿದರು. 2014ರಲ್ಲಿ ಬಂದ ಅವರ ವರದಿಯ ಪ್ರಕಾರ, ತಡ ಸೆಕೆಂಡಿಗಿಂತ ತುಸು ಹೆಚ್ಚಾದರೂ ಸಾಕು, ಜನ ತಂತಿಯನ್ನು ಬೈಯದೆ ಆಚೆ ಕಡೆಯವರನ್ನೇ ದೂರುತ್ತಾರೆ. ‘ಅವರಿಗೆ ಗಮನ ಇಲ್ಲ’, ‘ಅಷ್ಟೇನೂ ಸ್ನೇಹದ ಮನುಷ್ಯ ಅಲ್ಲ’ ಅನ್ನಿಸುತ್ತದಂತೆ. ಬೆಂಗಳೂರಿನ ಕಚೇರಿಗಳಲ್ಲಿ ದಿನವೂ ಬೇರೆ ದೇಶದವರೊಡನೆ ಮೀಟಿಂಗ್ ನಡೆಯುತ್ತದೆ. ಅಲ್ಲಿ ಜಪಾನಿನ ಚುರುಕು, ಡೆನ್ಮಾರ್ಕಿನ ನಿಧಾನ, ಅದರ ಮೇಲೆ ಗಾಜಿನ ತಡ ಎಲ್ಲ ಒಂದೇ ಪರದೆಯ ಮೇಲೆ ಸೇರುತ್ತವೆ. ಅಲ್ಲಿ ಯಾರು ಯಾರನ್ನು ಸೊಕ್ಕಿನವರು ಅಂದುಕೊಳ್ಳುತ್ತಾರೋ!

ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿ ಬರುತ್ತಿದ್ದ ಕಾಗದ ಹೀಗೆ ಗೊಂದಲ ಮಾಡುತ್ತಿರಲಿಲ್ಲ. ತಡ ದೊಡ್ಡದಾದರೆ ನಾವು ಸರದಿಗಾಗಿ ಕಾಯುವುದನ್ನೇ ಬಿಟ್ಟು, ಹೇಳುವುದನ್ನೆಲ್ಲ ಒಟ್ಟಿಗೆ ಹೇಳಿ ಕಳಿಸುತ್ತೇವೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ನೌಕೆ ಮಂಗಳದ ಕಕ್ಷೆ ಸೇರಿದಾಗ ಹಾಗೇ ಆಯಿತು. ನೌಕೆಯಿಂದ ಭೂಮಿಗೆ ಸಂಕೇತ ಬರಲು 12 ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ಬೆಂಗಳೂರಿನ ಹತ್ತಿರದ ಬ್ಯಾಲಾಳು ಗ್ರಾಮದಲ್ಲಿರುವ 32 ಮೀಟರ್ ಅಗಲದ ಆಂಟೆನಾ ಎಷ್ಟು ದೊಡ್ಡದಾದರೂ ಪ್ರಶ್ನೆ–ಉತ್ತರಕ್ಕೆ ಅಲ್ಲಿ ಅವಕಾಶವಿರಲಿಲ್ಲ. ಮಾಡಬೇಕಾದ್ದನ್ನೆಲ್ಲ ವಿಜ್ಞಾನಿಗಳು ಮೊದಲೇ ನೌಕೆಗೆ ಹೇಳಿಟ್ಟಿದ್ದರು. ಕಷ್ಟ ಕೊಡುವುದು ಅರ್ಧ ಸೆಕೆಂಡಿನ ತಡ, ಯಾಕೆಂದರೆ ಅದು ನಮಗೆ ತಡ ಅಂತ ಗೊತ್ತೇ ಆಗುವುದಿಲ್ಲ.

ಗೊತ್ತು ಮಾಡಿಕೊಳ್ಳಲು ಒಂದು ಉಪಾಯವಿದೆ. ಮೊದಲು ಪಕ್ಕದಲ್ಲಿ ಕೂತ ಯಾರೊಡನಾದರೂ ಸರದಿಯಂತೆ ಒಂದರಿಂದ ಇಪ್ಪತ್ತರವರೆಗೆ ಎಣಿಸಿ. ನೀವು ‘ಒಂದು’ ಅನ್ನಿ, ಅವರು ‘ಎರಡು’ ಅನ್ನಲಿ. ಎಷ್ಟು ಸೆಕೆಂಡ್ ಆಯಿತೆಂದು ಸ್ಟಾಪ್‌ವಾಚ್‌ನಲ್ಲಿ ನೋಡಿ ಬರೆದುಕೊಳ್ಳಿ. ಆಮೇಲೆ ಹೊರದೇಶದ ಅತ್ತೆಗೋ ಮಾವನಿಗೋ ವಿಡಿಯೊ ಕರೆ ಮಾಡಿ ಅದೇ ಆಟ ಆಡಿ. ಎರಡನೆಯದರಲ್ಲಿ ಎಷ್ಟು ಸೆಕೆಂಡ್ ಹೆಚ್ಚಾಯಿತೋ ಅದನ್ನು ಹತ್ತರಿಂದ ಭಾಗಿಸಿ. ಆರು ಸೆಕೆಂಡ್ ಹೆಚ್ಚಾಗಿದ್ದರೆ ನಿಮ್ಮ ಮಾತು ಅಲ್ಲಿಗೆ ಹೋಗಿ, ಉತ್ತರ ಬರುವ ದಾರಿಖರ್ಚು ಸುಮಾರು 0.6 ಸೆಕೆಂಡ್. ಸ್ಟಾಪ್‌ವಾಚ್ ಮಾತ್ರ ‘ಒಂದು’ ಅನ್ನುವವರ ಕೈಯಲ್ಲೇ ಇರಬೇಕು. ಕರೆ ಅಮೆರಿಕಕ್ಕಾದರೆ ಬೆಳಿಗ್ಗೆ ಏಳಕ್ಕೆ ಮಾಡಿ. ಕ್ಯಾಲಿಫೋರ್ನಿಯಾದಲ್ಲಿ ಆಗ ಹಿಂದಿನ ದಿನದ ಸಂಜೆ, ಎಲ್ಲರೂ ಎಚ್ಚರವಾಗಿರುತ್ತಾರೆ.