ಹರಿಯ ಬಾಗಿಲಲ್ಲಿ ಕಾಯುವುದು

(ಗೋರೆಗಾಂವ್ ಶಾಖಾಮಠದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)

ನಾನು ಶಾಸ್ತ್ರ ಓದಿದವನಲ್ಲ. ಡಿಪ್ಲೊಮಾ ಮುಗಿಸಿ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ತಪ್ಪಿದ್ದಲ್ಲಿ ಪಂಡಿತರು ತಿದ್ದಬೇಕು.

ನಮ್ಮ ಲೋಕಲ್ ಮಾರ್ಗದಲ್ಲಿ ಎರಡು ಬಗೆಯ ಕೆಂಪು ದೀಪಗಳಿವೆ. ಆಟೋಮ್ಯಾಟಿಕ್ ಸಿಗ್ನಲ್ ಕೆಂಪಾಗಿದ್ದರೆ ಮೋಟರ್‌ಮನ್ ಹಗಲಿನಲ್ಲಿ 1 ನಿಮಿಷ, ರಾತ್ರಿಯಲ್ಲಿ 2 ನಿಮಿಷ ನಿಂತು, ಬಳಿಕ ಎಚ್ಚರಿಕೆಯಿಂದ ನಿಧಾನವಾಗಿ ಮುಂದೆ ಸಾಗಬಹುದು. ನಿಲ್ದಾಣದವರ ಹತೋಟಿಯಲ್ಲಿರುವ ಸಿಗ್ನಲ್ ಹಾಗಲ್ಲ. ಅಲ್ಲಿ ಅಪ್ಪಣೆಯಾಗುವವರೆಗೆ ಕದಲುವಂತಿಲ್ಲ. ಮುಂದಿನ ದಾರಿ ಅವನಿಗೆ ಕಾಣದು, ಕ್ಯಾಬಿನ್‌ನಲ್ಲಿರುವವನಿಗೆ ತಿಳಿದಿರುತ್ತದೆ.

ಬಹುಕಾಲ ನಾನು ದೇವರನ್ನು ಮೊದಲನೆಯ ಬಗೆಯ ಸಿಗ್ನಲಿನಂತೆ ಕಂಡೆ. ಹರಕೆ ಹೊತ್ತು ಒಂದಷ್ಟು ದಿನ ಕಾಯುವುದು, ಆಗಲಿಲ್ಲವೆಂದರೆ ನನ್ನದೇ ದಾರಿ. ನನ್ನ ಧರ್ಮಪತ್ನಿ ಮೂತ್ರಪಿಂಡದ ಕಾಯಿಲೆಯಿಂದ ಮಲಗಿದಾಗ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು 11 ದಿನ ಜಪ ಮಾಡಿದೆ. ಆಕೆ ಮನೆಗೆ ಮರಳಲಿಲ್ಲ. ಅನಂತರ ಎಂಟು ತಿಂಗಳು ನಾನು ಈ ಮಠದ ಮೆಟ್ಟಿಲು ಹತ್ತಲಿಲ್ಲ. ಇಲ್ಲಿ ಕುಳಿತಿರುವ ಕೆಲವರಿಗೆ ಅದು ಗೊತ್ತು. ಏಕೆಂದು ಅವರು ಕೇಳಲಿಲ್ಲ. ಅದಕ್ಕೆ ನಾನು ಋಣಿ.

ಹರಿ ಸ್ವತಂತ್ರ, ಜೀವ ಅಸ್ವತಂತ್ರ ಎಂಬ ಶ್ರೀಮದಾಚಾರ್ಯರ ಸಿದ್ಧಾಂತ ನನಗೆ ಬಾಲ್ಯದಿಂದ ಬಾಯಿಪಾಠ. ಅದು ಮನಸ್ಸಿಗೆ ತಾಗಿದ್ದು ಆ ಎಂಟು ತಿಂಗಳಲ್ಲಿ. ಸ್ವತಂತ್ರನಿಗೆ ಗಡುವು ಕೊಟ್ಟು ಕೂರುವುದು ತಗಾದೆಯಾದೀತೇ ಹೊರತು ನಿರೀಕ್ಷೆಯಾಗದು. ಸಾವಿರ ಅಡ್ಡಿ ಬಂದರೂ ತಡೆಯದೆ ಹರಿಯುವ ಪ್ರೇಮವೇ ಭಕ್ತಿಯೆಂದು ಟೀಕಾಚಾರ್ಯ ಜಯತೀರ್ಥರು ವಿವರಿಸಿದ್ದಾರೆ. ನನ್ನದು ಒಂದೇ ಅಡ್ಡಿಗೆ ನಿಂತುಹೋಗಿತ್ತು.

ಹಾಗಾದರೆ ಕಾಯುವುದು ಹೇಗೆ? ಉಡುಪಿಯನ್ನು ನೋಡಿ. ಶ್ರೀ ವಾದಿರಾಜರ ಕಾಲದಿಂದ ಪರ್ಯಾಯ ಎರಡು ವರ್ಷಗಳದ್ದು. ಎಂಟು ಮಠಗಳಾದ್ದರಿಂದ, ಒಮ್ಮೆ ಪೂಜಾಧಿಕಾರ ಒಪ್ಪಿಸಿದ ಮಠ ಮತ್ತೆ 14 ವರ್ಷ ಕಾಯಬೇಕು. ಆದರೆ ಸರದಿ ಬರುವ ಸುಮಾರು ಒಂದು ವರ್ಷ ಮೊದಲೇ ಬಾಳೆ ಮುಹೂರ್ತ ನಡೆಯುತ್ತದೆ. ಬಾಳೆ, ತುಳಸಿ ನೆಡುತ್ತಾರೆ. ಮುಂದೆ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು. ಮಧ್ವಸರೋವರದ ಬಳಿ ರಥದ ಆಕಾರದಲ್ಲಿ ಒಟ್ಟಿದ ಕಟ್ಟಿಗೆಯನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಇನ್ನೂ ಬಾರದ ದಿನದ ಅಡಿಗೆಗೆ ಸೌದೆ ಅದು!

ನಮ್ಮ ಬಾಲ್ಕನಿಯ ತುಳಸಿಗಿಡ ಆಕೆ ನೆಟ್ಟದ್ದು. ಆ ಎಂಟು ತಿಂಗಳು ಅದಕ್ಕೆ ನೀರೆರೆದು ಉಳಿಸಿದವಳು ಸೊಸೆ. ಈಗ ನಾನು ಎರೆಯುತ್ತೇನೆ. ಶನಿವಾರ ಬೆಳಿಗ್ಗೆ ಅದರ ದಳಗಳನ್ನು ತಂದು ಅರ್ಚಕರಿಗೆ ಒಪ್ಪಿಸಿ, ಮಂಗಳಾರತಿಯವರೆಗೆ ಅದೋ ಆ ಕಂಬದ ಬಳಿ ನಿಂತಿರುತ್ತೇನೆ.

ಶ್ರೀಕೃಷ್ಣಾರ್ಪಣಮಸ್ತು.