ಕಾಳಿಯ ಕಲ್ಲು, ಪಂಪನ ಕಾಲ



ದೊಡ್ಡಬೆಳವಂಗಲದ ಶಾಲೆಯೊಂದರ ಏಳನೆಯ ತರಗತಿಯಲ್ಲಿ ಒಮ್ಮೆ ಪಂಪನನ್ನು ಕುರಿತು ಮಾತನಾಡಿದೆ. ‘ವಿಕ್ರಮಾರ್ಜುನ ವಿಜಯ’ ಹತ್ತನೆಯ ಶತಮಾನದ ಕಾವ್ಯವೆಂದೂ, ಅದರಲ್ಲಿ ಕವಿ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ಬಣ್ಣಿಸಿರುವನೆಂದೂ ವಿವರಿಸಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ದೊರೆಯನ್ನು ಅರ್ಜುನ ಅಂದರೆ ಆಗಿನ ಜನ ನಗುತ್ತಿರಲಿಲ್ಲವೇ ಸಾರ್?” ಎಂದಳು. ಎಂ.ಎ. ತರಗತಿಗಳಲ್ಲಿ ಮೂರು ದಶಕ ಪಂಪನನ್ನು ಬೋಧಿಸಿದ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ.

ಮುಂದಿನ ವಾರ ಆತಕೂರಿನ ಶಾಸನಶಿಲೆಯ ಚಿತ್ರವನ್ನು ಒಯ್ದೆ. ಮಂಡ್ಯ ಜಿಲ್ಲೆಯ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪಂಪನ ಕಾಲದ್ದೇ ಆದ, 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗನ ಸೇವೆಯಲ್ಲಿದ್ದವನು ಮಣಲೆರ. ಅವನ ಪರಾಕ್ರಮಕ್ಕೆ ಮೆಚ್ಚಿದ ಒಡೆಯನಲ್ಲಿ ಅವನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು! ಮುಂದೆ ಆ ನಾಯಿಯೂ ಹೆಬ್ಬಂದಿಯೊಂದೂ ಹೋರಾಡಿ ಒಟ್ಟಿಗೆ ಮಡಿದವು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿಬಿಟ್ಟರು.

ಕಥೆ ಮುಗಿಯುವಷ್ಟರಲ್ಲಿ ಅದೇ ಹುಡುಗಿ, “ನಾಯಿಯ ಶೌರ್ಯಕ್ಕೇ ಕಲ್ಲು ನಿಲ್ಲಿಸಿದವರು ದೊರೆಯನ್ನು ಅರ್ಜುನ ಅಂದರೆ ನಗುವುದಿಲ್ಲ ಬಿಡಿ ಸಾರ್” ಎಂದಳು. ಪಂಪನು ಕವಿಯಾಗಿದ್ದಂತೆ ಯೋಧನೂ ಆಗಿದ್ದನೆಂಬ ಸಂಗತಿಯನ್ನು ಆಮೇಲೆ ಯಾರೂ ಬರೆದುಕೊಳ್ಳಲಿಲ್ಲ, ಎಲ್ಲರೂ ನೆನಪಿಟ್ಟುಕೊಂಡರು.

ಇಸವಿಗಳ ಕಂಠಪಾಠದಿಂದ ಕಾವ್ಯದ ಕಾಲ ತಿಳಿಯದು. ದೊಡ್ಡಬಳ್ಳಾಪುರ ತಾಲ್ಲೂಕಿನ ಶಾಸನಗಳನ್ನು ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ 1905ರಲ್ಲಿಯೇ ಅಚ್ಚುಮಾಡಿಸಿದ್ದಾರೆ. ಹಳಗನ್ನಡದ ಪಾಠಕ್ಕೆ ಮೊದಲು ಉಪಾಧ್ಯಾಯರು ಅದನ್ನೊಮ್ಮೆ ತೆರೆಯಲಿ. ಮಕ್ಕಳನ್ನು ಹತ್ತಿರದ ಕಲ್ಲಿನ ಬಳಿಗೆ ಕರೆದೊಯ್ಯಲಿ. ಪ್ರಶ್ನೆಗಳನ್ನು ಮಕ್ಕಳೇ ತರುತ್ತಾರೆ.