ನಂಬಿ ಬಂದ ಜೀವ



ಶ್ರೀನಿವಾಸಪುರದ ಕಡೆಯ ಭಕ್ತರೊಬ್ಬರು ಮಠಕ್ಕೆ ಬಂದು, "ಬುದ್ಧಿ, ಮಾವಿನ ಫಸಲು ಮುಗಿಯಿತು. ತೋಪಿನ ಕಾವಲಿಗೆ ತಂದ ನಾಯಿಯನ್ನು ಎಲ್ಲಿಯಾದರೂ ಬಿಟ್ಟು ಬರಬಹುದೆ?" ಎಂದು ಕೇಳಿದರು.

ನಾವು ಅವರಿಗೆ ಧರ್ಮರಾಜನನ್ನು ನೆನಪಿಸಿದೆವು. ಮಹಾಪ್ರಸ್ಥಾನದಲ್ಲಿ ದ್ರೌಪದಿಯೂ ನಾಲ್ವರು ತಮ್ಮಂದಿರೂ ದಾರಿಯಲ್ಲೇ ಬಿದ್ದರು. ಕೊನೆಯವರೆಗೆ ಜೊತೆ ಬಂದುದು ಒಂದು ನಾಯಿ. ಅದನ್ನು ಬಿಟ್ಟು ರಥವೇರೆಂದು ಇಂದ್ರನು ಹೇಳಿದಾಗ, ನಂಬಿದವರನ್ನು ತೊರೆದು ಪಡೆಯುವ ಸ್ವರ್ಗ ತನಗೆ ಬೇಡವೆಂದನು ಧರ್ಮರಾಜ. ಆ ನಾಯಿ ಸಾಕ್ಷಾತ್ ಧರ್ಮದೇವತೆಯೇ ಆಗಿತ್ತು.

ಮಾವಿನ ಸುಗ್ಗಿ ಕೆಲವೇ ತಿಂಗಳು. ನಾಯಿಯ ಆಯುಷ್ಯ 10-12 ವರ್ಷ. ಮರಿಯನ್ನು ತರುವಾಗಲೇ ಈ ಲೆಕ್ಕ ಹಾಕಬೇಕು. ದಿನವೂ ಅನ್ನ, ನೀರು, ನೆರಳು ಕೊಡಬೇಕು. ಅದಕ್ಕೆ 3 ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದಂತೆ ಹಾಕಿಸುತ್ತಿರಬೇಕು. ಆ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನೂ ಬದುಕುವುದು ಬಹು ಅಪರೂಪ. ಆದಕಾರಣ ಲಸಿಕೆಯೆಂಬುದು ನೆರೆಮನೆಯ ಮಕ್ಕಳ ಮೇಲಿನ ದಯೆಯೂ ಹೌದು.

ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ಹಸಿವು ಬಾಯಾರಿಕೆಗಳಿಗೆ ಒಪ್ಪಿಸಿ ಬಿಟ್ಟುಹೋಗುವುದು 1960ರ ಕಾಯಿದೆಯಂತೆ ಅಪರಾಧ. ಆದರೆ ಶಿವಭಕ್ತನು ಒಳ್ಳೆಯದನ್ನು ಮಾಡುವುದಕ್ಕೆ ಕಾಯಿದೆಯ ಭಯವೇಕೆ? ತೋಪು ಕಾದದ್ದು ಅದರ ಕಾಯಕ. ಅನ್ನವಿಕ್ಕುವುದು ನಿಮ್ಮ ದಾಸೋಹ. ಕಾಯಕವನ್ನು ಪಡೆದು ದಾಸೋಹವನ್ನು ತಪ್ಪಿಸಬಾರದು.

ಸಾಕಲಾರದವರು ತರದಿರಲಿ, ಅದರಲ್ಲಿ ತಪ್ಪಿಲ್ಲ. ತಂದವರು ಅದರ ಕೊನೆಯುಸಿರಿನವರೆಗೆ ಕಾಯಲಿ. ಆ ಭಕ್ತರು ಕೈಮುಗಿದು, ನಾಯಿಯನ್ನು ತಮ್ಮ ಮನೆಗೇ ಕರೆದೊಯ್ದರು.

ಶಿವನು ನಿಮಗೆಲ್ಲರಿಗೂ ಸನ್ಮಂಗಳವನ್ನುಂಟುಮಾಡಲಿ.